ಕಾಲ ಮೇಲೆ ಪೆನ್ನಿನಿಂದ ಸುತ್ತು ಹಾಕಿದ ಸಿಸ್ಟರ್‌ಗೆ

ಹೋದ ವಾರ ತಮ್ಮನ ಕೊನೆಯ ಕೀಮೋ ಮುಗಿಯಿತು. ಬೋನ್ ಮ್ಯಾರೋ ರಿಪೋರ್ಟ್ ಕ್ಲೀನ್ ಬಂದಿದೆ. ಕಲಬುರಗಿಯ ಈ ಬಿಸಿಲಲ್ಲೂ ಅವ್ವ ಬರಿಗಾಲಲ್ಲಿ ಶರಣಬಸವೇಶ್ವರ ಗುಡಿಗೆ ಹೋಗಿ ಬಂದಳು. ದೇವರಿಗೆ ಹೇಳೋದನ್ನು ಅವಳು ಹೇಳಿದಳು. ಮನುಷ್ಯರಿಗೆ ಹೇಳೋದು ನನ್ನ ಪಾಲಿಗೆ ಉಳಿದಿದೆ.

ತಮ್ಮನಿಗೆ 22 ವರ್ಷ. ಡಿಸೆಂಬರ್‌ನಲ್ಲಿ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾಯಿತು. ಮೊದಲ ಕೀಮೋ ಆಗಿ ಎರಡು ವಾರಕ್ಕೆ ಬಿಳಿ ರಕ್ತಕಣ ತಳ ಕಂಡವು, ಜ್ವರ ಹಿಡಿಯಿತು. ಆಂಟಿಬಯೋಟಿಕ್ ಬದಲಿಸಿದರೂ ನಾಲ್ಕು ದಿನ ಇಳಿಯಲಿಲ್ಲ. ಮೀನಖಂಡ ನೋವು ಅಂತ ನರಳುತ್ತಿದ್ದ. ಮಲಗಿ ಮಲಗಿ ಹಿಡಿದಿರಬೇಕು ಅಂದುಕೊಂಡು ನಾನು ಸುಮ್ನೆ ಒತ್ತುತ್ತಾ ಕೂತಿದ್ದೆ.

ಆ ರಾತ್ರಿ ಮೈ ಒರೆಸಲು ಬಂದ ಸಿಸ್ಟರ್ ಕಾಲ ಹತ್ತಿರ ನಿಂತುಬಿಟ್ಟರು. ಮೊಬೈಲ್ ಟಾರ್ಚ್ ಹಾಕಿದರು. ತೊಗರಿ ಕಾಳಿನಷ್ಟು ದಪ್ಪದ ಮೂರು ಗುಲಾಬಿ ಗಂಟು, ನಡುವೆ ಸ್ವಲ್ಪ ಬಿಳಿಚು. "ತುರಸ್ತದೇನು ತಮ್ಮಾ?" ಇಲ್ಲ ಅಂದ. "ಔಷಧ ಒಗ್ಗದೆ ಎದ್ದಿರಬೇಕ್ರಿ" ಅಂತ ನಾನು ಜಾಣತನ ತೋರಿಸಿದೆ. ಹಗಲು ಒಬ್ಬರು ಹಾಗೇ ಹೇಳಿ ಹೋಗಿದ್ದರು. ಸಿಸ್ಟರ್ ಏನೂ ಅನ್ನಲಿಲ್ಲ. ಜೇಬಿನ ಬಾಲ್‌ಪೆನ್ ತೆಗೆದು ಒಂದೊಂದಕ್ಕೂ ಸುತ್ತು ಹಾಕಿ, ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿದರು. ಬೆಳಗ್ಗೆ ಎಣಿಸಿದರೆ ಸುತ್ತಿನ ಹೊರಗೆ ಇನ್ನೂ ಎಂಟು.

ಚರ್ಮದ ಡಾಕ್ಟರ್ ಮೇಡಂ ಬಂದಾಗ "ಜ್ವರಕ್ಕೆ ಚರ್ಮದವರು ಯಾಕ್ರಿ?" ಅಂತ ರೇಗಿದ್ದೆ. ತಪ್ಪಾಯಿತು ಮೇಡಂ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ 14 ಸಾವಿರಕ್ಕೆ ಇಳಿದಿತ್ತು. ಒಂದು ಚೀಲ ಏರಿಸಿ, ಗಂಟಿನಿಂದ ಚೂರು ತೆಗೆದು ಎರಡು ಭಾಗ ಮಾಡಿದರು. ಒಂದು ಫಾರ್ಮಲಿನ್ ಬಾಟಲಿಗೆ, ಇನ್ನೊಂದು ಬರೀ ಸಲೈನ್‌ಗೆ. ಮೇಡಂಗೆ ಫಂಗಸ್ ಅನುಮಾನ. ಎರಡನ್ನೂ ಫಾರ್ಮಲಿನ್‌ಗೆ ಹಾಕಿದರೆ ಫಂಗಸ್ ಸತ್ತು ಕಲ್ಚರ್‌ನಲ್ಲಿ, ಅಂದರೆ ಲ್ಯಾಬ್‌ನಲ್ಲಿ ಬೆಳೆಸಿ ನೋಡುವಾಗ, ಬೆಳೆಯೋದೇ ಇಲ್ಲವಂತೆ. ಬಾಟಲಿ ಹಿಡಿದು ಲ್ಯಾಬ್‌ಗೆ ಓಡಿದವನು ನಾನೇ.

ಸಂಜೆಗೆ ಸೂಕ್ಷ್ಮದರ್ಶಕದಲ್ಲಿ ಯೀಸ್ಟ್ ಕಂಡಿತು, ಅದೂ ಒಂದು ಬಗೆಯ ಫಂಗಸ್. ಕ್ಯಾಂಡಿಡಾ. ನಮ್ಮಲ್ಲಿ ಬಹಳ ಜನರ ಬಾಯಲ್ಲಿ, ಕರುಳಲ್ಲಿ ಸುಮ್ಮನೆ ಇರುವಂಥದ್ದೇ. ಕೀಮೋಗೆ ಕರುಳಿನ ಒಳಪದರ ಹುಣ್ಣಾಗಿ, ಕಾವಲಿಗೆ ಬಿಳಿ ಕಣವೂ ಇಲ್ಲದಾಗ ರಕ್ತಕ್ಕೆ ಇಳಿಯುತ್ತದೆ, ಅಲ್ಲಿಂದ ಚರ್ಮಕ್ಕೆ. ಅವನ ಮೊದಲ ಬ್ಲಡ್ ಕಲ್ಚರ್‌ನಲ್ಲಿ ಏನೂ ಬೆಳೆದಿರಲಿಲ್ಲ. ಎಷ್ಟೋ ಜನರಿಗೆ ಹಾಗೇ ಆಗುತ್ತದಂತೆ. ಜ್ವರ, ಮೈಕೈ ನೋವು, ಈ ಗಂಟು, ಮೂರೂ ಸೇರಿದರೆ ಕಾಯುತ್ತಾ ಕೂರಬಾರದು ಅಂದರು ಮೇಡಂ. ಅವತ್ತೇ ಫಂಗಸ್ ಔಷಧ ಕ್ಯಾಸ್ಪೋಫಂಗಿನ್ ಡ್ರಿಪ್ ಹಚ್ಚಿದರು. ಔಷಧ ಏರಿಸಲು ಎದೆಗೆ ಹಾಕಿದ್ದ ನಳಿಕೆ (ಲೈನ್) ತೆಗೆದರು. ಕಣ್ಣಿನ ಡಾಕ್ಟರ್ ಬಂದು ರೆಟಿನಾ ನೋಡಿದರು, ಅಲ್ಲಿಗೂ ಹೋಗುತ್ತದಂತೆ. ಆಮೇಲೆ ಕಲ್ಚರ್‌ನಲ್ಲಿ ಕ್ಯಾಂಡಿಡಾ ಟ್ರಾಪಿಕಾಲಿಸ್ ಅಂತ ಬಂತು.

ಸಂಬಂಧಿಕರೇ, ನಿಮಗೂ ಒಂದು ಮಾತು. ಇದು 2021ರ ಬ್ಲ್ಯಾಕ್ ಫಂಗಸ್ ಅಲ್ಲ. ಮುಟ್ಟಿದರೆ ಹತ್ತುವ ಗಜಕರ್ಣವೂ ಅಲ್ಲ. ಬಾಗಿಲಲ್ಲೇ ನಿಂತು ಮಾತಾಡಿ ಹೋದವರು ಇನ್ನು ಒಳಗೆ ಬರಬಹುದು, ಚಹಾ ಇದೆ.

ತೊಗರಿ ರಾಶಿ ಬಿಟ್ಟು ಆಳಂದ, ಜೇವರ್ಗಿಯಿಂದ ಬಸ್ ಹತ್ತಿ ಪ್ಲೇಟ್‌ಲೆಟ್ ಕೊಡಲು ಬಂದ ಗೆಳೆಯರೇ, ನಿಮ್ಮ ಋಣ ದೊಡ್ಡದು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಜಾಸ್ತಿ ಇಡಲು ಬರೋದಿಲ್ಲ. ಹಾಗಾಗಿ ಮತ್ತೆ ಮತ್ತೆ ಕಾಡಿದೆ. ಒಬ್ಬರೂ ಫೋನ್ ಕಟ್ ಮಾಡಲಿಲ್ಲ.

ನಿನ್ನೆ ಅವ್ವ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ತಮ್ಮನನ್ನೂ ಕರೆದುಕೊಂಡು ವಾರ್ಡಿಗೆ ಹೋದೆ. ಸಿಸ್ಟರ್ ಬುತ್ತಿ ಬಿಚ್ಚಲಿಲ್ಲ. "ಮೊದಲ್ ಪ್ಯಾಂಟ್ ಮ್ಯಾಲೆತ್ತು, ಕಾಲ್ ನೋಡ್ತೀನಿ" ಅಂದರು.