ಓದದೆಯೇ ಅಳಿಸುವ ನಿಮ್ಮ ವ್ಯವಸ್ಥೆಯ ಬಗ್ಗೆ ದೂರು

ಇವರಿಂದ:
ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರ ಗುಂಪೊಂದರ ಅಡ್ಮಿನ್,
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ

ಇವರಿಗೆ:
ಕುಂದುಕೊರತೆ ಅಧಿಕಾರಿಗಳು,
ಆ್ಯಪ್ ಕಂಪನಿಯ ಕಚೇರಿ, ಬೆಂಗಳೂರು

ವಿಷಯ: ಬಂದ ದೂರುಗಳ ಸಂಖ್ಯೆಯನ್ನಷ್ಟೇ ನೋಡಿ ಪೋಸ್ಟ್ ಮತ್ತು ಪ್ರತಿಕ್ರಿಯೆಗಳನ್ನು ಅಳಿಸುತ್ತಿರುವ ಕುರಿತು.

ಮಾನ್ಯರೇ,

ನಿಮ್ಮ ಆ್ಯಪ್‌ನಲ್ಲಿ ನಮ್ಮ ಭಾಗದ ರೈತರ ಗುಂಪನ್ನು ನಡೆಸುತ್ತಿದ್ದೇನೆ. ಎಡದಂಡೆ ಮುಖ್ಯ ಕಾಲುವೆಯ ನೀರು ಮುನಿರಾಬಾದಿನಿಂದ ಹೊರಟು ಕೊಪ್ಪಳ ಜಿಲ್ಲೆ ದಾಟಿ ನಮ್ಮ ಕಡೆಗೆ ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ ಎಂಬುದು ಇಲ್ಲಿನವರ ನಿತ್ಯದ ಚಿಂತೆ. ಕಾಲುವೆಯ ಗೇಜ್ (ನೀರಿನ ಮಟ್ಟ) ಎಷ್ಟಿದೆ, ಎಪಿಎಂಸಿಯಲ್ಲಿ ಸೋನಾ ಮಸೂರಿ ಯಾವ ದರಕ್ಕೆ ಹೋಯಿತು, ಯೂರಿಯಾ ಎಲ್ಲಿ ಬಂದಿದೆ ಎಂಬ ಮಾತುಗಳೇ ಗುಂಪಿನ ತುಂಬ ಇರುತ್ತವೆ. ಇಂಥ ಗುಂಪಿನಲ್ಲಿ ನಿಮ್ಮ ಯಂತ್ರ ಮಾಡಿದ ಕೆಲಸ ಇದು.

ಮುಂಗಾರಿನ ಸಸಿ ಮಡಿ ಹಾಕುವ ಹೊತ್ತಿನಲ್ಲಿ ನಮ್ಮ ಸದಸ್ಯರೊಬ್ಬರು ಒಂದು ಫೋಟೊ ಹಾಕಿದರು. ನೆನೆಸಿದ ಗೋಣಿ ತಟ್ಟಿನ ಮೇಲೆ ಹತ್ತರ ಸಾಲಿನಂತೆ ಎಣಿಸಿ ಇಟ್ಟ ನೂರು ಭತ್ತದ ಕಾಳು. ಅರ್ಧಕ್ಕಿಂತ ಹೆಚ್ಚು ಕಾಳುಗಳಲ್ಲಿ ಮೊಳಕೆಯ ಬಿಳಿ ತುದಿಯೇ ಇರಲಿಲ್ಲ. ಪಕ್ಕದಲ್ಲಿ ಚೀಲದ ಚೀಟಿ: ಲಾಟ್ (ಒಟ್ಟಿಗೆ ತಯಾರಾದ ಬೀಜದ ಕಂತು) ಸಂಖ್ಯೆ, ಪರೀಕ್ಷೆಯ ದಿನಾಂಕ, ಮೊಳಕೆಯ ಪ್ರಮಾಣ. ಅಂಗಡಿ ರಸೀದಿಯನ್ನೂ ಇಟ್ಟಿದ್ದರು, ಆದರೆ ಅಂಗಡಿಯ ಹೆಸರಿನ ಮೇಲೆ ಹೆಬ್ಬೆರಳು ಒತ್ತಿ ಮುಚ್ಚಿದ್ದರು. ಭತ್ತದ ಬಿತ್ತನೆ ಬೀಜಕ್ಕೆ ಮೊಳಕೆ ಶೇ 80ಕ್ಕೆ ಕಡಿಮೆ ಇರಬಾರದು ಎಂಬುದು ದೇಶಕ್ಕೆಲ್ಲ ಇರುವ ಮಾನದಂಡ. "ಇದೇ ಲಾಟ್ ತಂದವರು ಮಡಿಗೆ ಚೆಲ್ಲುವ ಮುನ್ನ ಒಮ್ಮೆ ನೋಡಿಕೊಳ್ಳಿ" ಎಂದಷ್ಟೇ ಅವರು ಬರೆದಿದ್ದರು. ಬೈಗುಳವಿಲ್ಲ, ಆರೋಪವಿಲ್ಲ, ಯಾರ ಹೆಸರೂ ಇಲ್ಲ.

ಕೆಳಗೆ ಪ್ರತಿಕ್ರಿಯೆಗಳು ಬಂದವು. ಕ್ಯಾಂಪಿನ (ವಲಸೆ ಬಂದ ರೈತರ ಊರಿನ) ಕಡೆಯ ರೈತರೊಬ್ಬರು ತಮ್ಮಲ್ಲೂ ಅದೇ ಲಾಟ್ ಇದೆ, ಅದೇ ಕಥೆ ಎಂದರು. ಇನ್ನೊಬ್ಬರು ಚೀಲ ಮತ್ತು ರಸೀದಿ ಎಸೆಯಬೇಡಿ, ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತವಾಗಿ ಕೊಡಿ ಎಂದು ತಿಳಿಸಿದರು. ಕೃಷಿ ಪದವಿ ಓದಿದ ಹುಡುಗನೊಬ್ಬ ಮಾತ್ರ ಬೇರೆ ಮಾತು ಹೇಳಿದ: ಹೊಸದಾಗಿ ಕೊಯ್ದ ಭತ್ತಕ್ಕೆ ಕೆಲವೊಮ್ಮೆ ಸುಪ್ತಾವಸ್ಥೆ ಇರುತ್ತದೆ, ಆಗ ಬೀಜ ಚೆನ್ನಾಗಿದ್ದರೂ ಮೊಳಕೆ ಬರುವುದಿಲ್ಲ, ಇನ್ನೊಮ್ಮೆ ಪರೀಕ್ಷಿಸದೆ ಅಂಗಡಿಯವರನ್ನು ದೂರಬೇಡಿ.

ಅಂದು ಸಂಜೆಯೇ ಪೋಸ್ಟ್ ಮಾಯವಾಯಿತು. ಅದರ ಅಡಿಯಲ್ಲಿದ್ದ ಎಲ್ಲ ಪ್ರತಿಕ್ರಿಯೆಗಳೂ ಹೋದವು. ಬೀಜದ ಅಂಗಡಿಯ ಪರವಾಗಿ ಆಡಿದ್ದ ಒಂದೇ ಒಂದು ಮಾತೂ ಅವುಗಳೊಂದಿಗೆ ಅಳಿಸಿಹೋಯಿತು ಎಂಬುದನ್ನು ನಿಮ್ಮ ಗಮನಕ್ಕೆ ತರುತ್ತಿದ್ದೇನೆ. ಇದರಿಂದ ಯಾರಿಗೆ ನ್ಯಾಯ ಸಿಕ್ಕಿತು?

"ಹಲವು ಬಳಕೆದಾರರು ವರದಿ ಮಾಡಿದ್ದರಿಂದ ತೆಗೆಯಲಾಗಿದೆ" ಎಂಬ ಒಂದು ಸಾಲು ಮಾತ್ರ ಪರದೆಯ ಮೇಲೆ ಉಳಿಯಿತು. ವರದಿ ಮಾಡಿದವರು ಯಾರೆಂದು ನೀವು ಹೇಳುವುದಿಲ್ಲ, ಹೇಳಬೇಕೆಂದು ನಾನೂ ಕೇಳುವುದಿಲ್ಲ. ಆದರೆ ಅಂದು ಮಧ್ಯಾಹ್ನ ಫೋಟೊ ಇಲ್ಲದ, ಒಂದು ಮಾತೂ ಬರೆಯದ ಹೊಸ ಖಾತೆಗಳು ಸಾಲಾಗಿ ಗುಂಪಿಗೆ ಸೇರಿ, ಮಾರನೆಯ ದಿನ ಬಂದಂತೆಯೇ ಹೊರಟುಹೋದದ್ದು ಅಡ್ಮಿನ್ ಪಟ್ಟಿಯಲ್ಲಿ ದಾಖಲಾಗಿದೆ. ಇದನ್ನು ಗಮನಿಸಲು ನಿಮಗೆ ದೊಡ್ಡ ತಂತ್ರಜ್ಞಾನ ಬೇಕಾಗಿರಲಿಲ್ಲ. ನೋಡುವ ಮನಸ್ಸು ಸಾಕಿತ್ತು.

"ಮರುಪರಿಶೀಲನೆ ಕೋರಿ" ಎಂಬ ಗುಂಡಿಯನ್ನೂ ಒತ್ತಿದೆವು. ಚೀಲದ ಮೇಲಿನ ಚೀಟಿಯನ್ನು ಓದಿ ಮುಗಿಸಲೂ ಸಾಲದಷ್ಟು ಬೇಗ ಉತ್ತರ ಬಂತು: ನಿರ್ಧಾರ ಸರಿಯಾಗಿದೆ. ಕನ್ನಡ ಬಲ್ಲವರು ಯಾರಾದರೂ ಅದನ್ನು ಓದಿದರೆಂದು ನಂಬುವುದು ನನಗೆ ಕಷ್ಟ.

ನಷ್ಟವೇನು ಎಂದು ನೀವು ಕೇಳಬಹುದು. ಸಸಿ ಮಡಿಯ ಕೆಲಸ ಕೆಲವೇ ದಿನಗಳದ್ದು. ಮಡಿ ಕೆಟ್ಟರೆ ಮತ್ತೆ ಬೀಜ, ಮತ್ತೆ ಆಳು, ನಾಟಿ ಹಿಂದೆ ಬೀಳುತ್ತದೆ. ಕಾಲುವೆಯ ಕೆಳಭಾಗದಲ್ಲಿರುವ ನಮಗೆ ನಾಟಿ ತಡವಾದರೆ ಕಾಳು ಕಟ್ಟುವ ಹೊತ್ತಿಗೆ ನೀರು ಇರುತ್ತದೆಂಬ ಭರವಸೆ ಇಲ್ಲ. ಪೋಸ್ಟ್ ಉಳಿದಿದ್ದರೆ ಎಚ್ಚೆತ್ತುಕೊಳ್ಳುತ್ತಿದ್ದ ಕೆಲವರು ಅದೇ ಲಾಟಿನ ಬೀಜವನ್ನು ಮಡಿಗೆ ಚೆಲ್ಲಿದರು. ದೂರು ಕೊಡಲು ಹೋದಾಗ, ಇದೇ ಲಾಟ್ ಇನ್ನಾರ ಬಳಿ ಇದೆ ಎಂದು ಅಧಿಕಾರಿಗಳು ಕೇಳಿದರು. ಆ ವಿವರವೆಲ್ಲ ನೀವು ಅಳಿಸಿದ ಪ್ರತಿಕ್ರಿಯೆಗಳಲ್ಲಿತ್ತು.

ಅಳಿಸುವುದೇ ತಪ್ಪು ಎಂದು ವಾದಿಸುವವನು ನಾನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋದಾಗ, ಡ್ಯಾಮೇ ಒಡೆದಿದೆ ಎಂಬ ಸುದ್ದಿಗಳೂ ಎಲ್ಲಿಯದೋ ಪ್ರವಾಹದ ವಿಡಿಯೊಗಳೂ ಗುಂಪಿಗೆ ಬಂದು ಬಿದ್ದವು. ನಾವು ಮೂವರು ಅಡ್ಮಿನ್‌ಗಳು ಸರದಿಯ ಮೇಲೆ ಎಚ್ಚರವಿದ್ದು ಒಂದೊಂದನ್ನೂ ನೋಡಿ, ಅಧಿಕೃತ ಪ್ರಕಟಣೆಯೊಂದಿಗೆ ತಾಳೆ ಹಾಕಿ ಕೈಯಾರೆ ತೆಗೆದೆವು. ಆ ವಿಡಿಯೊಗಳನ್ನು ನಿಮ್ಮ ಯಂತ್ರ ಮುಟ್ಟಿರಲಿಲ್ಲ, ಏಕೆಂದರೆ ಯಾರೂ ವರದಿ ಮಾಡಿರಲಿಲ್ಲ. ಮನೆಯಲ್ಲಿ ಕುಳಿತು ಹಣ ಗಳಿಸಿ ಎನ್ನುವ ಲಿಂಕುಗಳು, ಬೆಟ್ಟಿಂಗ್ ಜಾಹೀರಾತುಗಳು ಇಂದಿಗೂ ಆರಾಮವಾಗಿ ಬಿದ್ದಿರುತ್ತವೆ. ಗುಂಡಿ ಒತ್ತುವ ಗುಂಪು ಯಾರ ಬಳಿ ಇದೆಯೋ ಅವರ ಕೈಗೆ ನೀವು ಅಳಿಸುವ ಅಧಿಕಾರ ಕೊಟ್ಟಿದ್ದೀರಿ.

ಬೇರೆಯವರು ಹೀಗೆ ಮಾಡುತ್ತಿಲ್ಲ. ಎಷ್ಟು ಮಂದಿ ವರದಿ ಮಾಡಿದರೂ ಅಷ್ಟರಿಂದಲೇ ವಿಡಿಯೊ ತೆಗೆಯುವುದಿಲ್ಲ, ಪರಿಶೀಲಿಸಿದ ಮೇಲೆಯೇ ನಿರ್ಧಾರ ಎಂದು ಯೂಟ್ಯೂಬ್ ಹೇಳುತ್ತದೆ. ಚರ್ಚಾ ತಾಣಗಳು ಬಳಸುವ ಡಿಸ್ಕೋರ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ದೂರುಗಳು ಮಿತಿ ದಾಟಿದರೆ ಬರಹ ಮರೆಯಾಗುತ್ತದೆ, ಆದರೆ ಅಳಿಯುವುದಿಲ್ಲ. ಬರೆದವರಿಗೆ ಸಂದೇಶ ಹೋಗುತ್ತದೆ, ಅವರು ತಿದ್ದಬಹುದು, ಕೊನೆಯ ತೀರ್ಮಾನ ನಿರ್ವಾಹಕರದು. ನಿಮ್ಮಲ್ಲಿ ಮರೆಮಾಡುವ ಹಂತವೇ ಇಲ್ಲ, ನೇರವಾಗಿ ನಾಶ.

ಇನ್ನು ಕಾನೂನಿನ ಮಾತು. ಜಾಹೀರಾತುಗಳಲ್ಲಿ ಕೋಟಿಗಟ್ಟಲೆ ಬಳಕೆದಾರರ ಲೆಕ್ಕ ಹೇಳಿಕೊಳ್ಳುವ ನಿಮಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಗೊತ್ತಿಲ್ಲದೇ ಇಲ್ಲ. 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಜಾಲತಾಣ ತಾನಾಗಿ ಏನನ್ನಾದರೂ ತೆಗೆಯುವುದಾದರೆ, ತೆಗೆಯುವ ಮುನ್ನವೇ ಬರೆದವರಿಗೆ ಕಾರಣ ಸಹಿತ ತಿಳಿಸಬೇಕು, ಆಕ್ಷೇಪಿಸಲು ಸರಿಯಾದ ಅವಕಾಶ ಕೊಡಬೇಕು ಎಂದು ನಿಯಮ 4(8) ಹೇಳುತ್ತದೆ. ಕೆಲವು ಬಗೆಯ ಮಾಹಿತಿಯನ್ನು ಗುರುತಿಸಲು ಬಳಸುವ ಸ್ವಯಂಚಾಲಿತ ಸಾಧನಗಳ ಮೇಲೆ ಮನುಷ್ಯರ ಮೇಲ್ವಿಚಾರಣೆ ಇರಬೇಕೆಂದು 4(4) ಹೇಳುತ್ತದೆ. "ಹಲವರು ವರದಿ ಮಾಡಿದ್ದಾರೆ" ಎಂಬುದು ಕಾರಣವಲ್ಲ. ಏನೆಂದು ವರದಿ ಮಾಡಿದರು, ಅದು ನಿಜವೇ ಎಂಬುದು ಕಾರಣವಾಗಬೇಕು.

ಆದ್ದರಿಂದ ಮೊದಲು ಆ ಪೋಸ್ಟನ್ನೂ ಅದರ ಎಲ್ಲ ಪ್ರತಿಕ್ರಿಯೆಗಳನ್ನೂ ಮರಳಿಸಿ. ನಿಮ್ಮ ಸರ್ವರ್‌ನಲ್ಲಿ ಉಳಿದಿಲ್ಲವೆಂದಾದರೆ ಅದನ್ನೇ ಲಿಖಿತವಾಗಿ ಕೊಡಿ, ಕೃಷಿ ಇಲಾಖೆಗೆ ತೋರಿಸಲು ನಮಗೆ ಬೇಕು. ಮುಂದೆ ದೂರು ಬಂದ ಬರಹವನ್ನು ಮರೆಮಾಡಿ, ಗುಂಪಿನ ಅಡ್ಮಿನ್‌ಗೆ ತೋರಿಸಿ, ಕನ್ನಡ ಓದಬಲ್ಲ ಒಬ್ಬರು ನೋಡಿದ ಮೇಲಷ್ಟೇ ತೀರ್ಮಾನಿಸಿ. ಪೋಸ್ಟ್ ಹೋದರೂ ಕೆಳಗಿನ ಪ್ರತಿಕ್ರಿಯೆಗಳು ಹೋಗಬಾರದು, ಅವು ಬೇರೆ ಬೇರೆಯವರ ಮಾತುಗಳು. ನಿನ್ನೆ ಸೇರಿದ ಖಾತೆಯ ದೂರಿಗೂ ವರ್ಷಗಳಿಂದ ಇರುವವರ ದೂರಿಗೂ ಒಂದೇ ತೂಕ ಕೊಡುವುದನ್ನು ನಿಲ್ಲಿಸಿ.

ಈ ದೂರಿಗೆ 24 ಗಂಟೆಯೊಳಗೆ ಸ್ವೀಕೃತಿ ಕೊಡುವುದು ನಿಮ್ಮ ಕರ್ತವ್ಯ. ಯಂತ್ರ ಬರೆದ ಉತ್ತರವೇ ಮತ್ತೆ ಬಂದರೆ, ಅದು ಕೈಸೇರಿದ 30 ದಿನಗಳೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗುತ್ತೇವೆ. ನಾಟಿಯ ಕೆಲಸ ಎಷ್ಟೇ ಇದ್ದರೂ ಅದಕ್ಕೆ ಬಿಡುವು ಮಾಡಿಕೊಳ್ಳುತ್ತೇವೆ.

ಇಂತಿ,
ಗುಂಪಿನ ಅಡ್ಮಿನ್

ಲಗತ್ತು: ಬರೆದವರ ಮೊಬೈಲಿನಲ್ಲಿ ಉಳಿದಿರುವ ಮೂಲ ಫೋಟೊ, ನಿಮ್ಮ ಎರಡೂ ಸಂದೇಶಗಳ ಸ್ಕ್ರೀನ್‌ಶಾಟ್, ಅಂದು ಗುಂಪಿಗೆ ಸೇರಿ ಮಾರನೆಯ ದಿನ ಹೊರಹೋದ ಖಾತೆಗಳ ಪಟ್ಟಿ.