ಮುಚ್ಚಿದ್ದ ಗಡಿಯ ಮೂಲಕ ಪ್ರವಾಸ ಮಾರಿದ್ದರ ಬಗ್ಗೆ ದೂರು

ಬೆಂಗಳೂರು
13 ಅಕ್ಟೋಬರ್ 2025

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ಬ್ಯಾಂಕಾಕ್‌ನಿಂದ ರಸ್ತೆ ಮಾರ್ಗವಾಗಿ ಅಂಕೋರ್ ದೇವಾಲಯಗಳಿಗೆ ಹೊರಡಬೇಕಿದ್ದ ಪ್ರವಾಸ ರದ್ದಾದುದು ಮತ್ತು ಹಣದ ಮರುಪಾವತಿ.

ಮಾನ್ಯರೇ,

ಕಳೆದ ಜುಲೈ 4ರಂದು ನಾನು ಮತ್ತು ನನ್ನ ಭಾವ ನಿಮ್ಮ ಜಯನಗರ ಶಾಖೆಗೆ ಬಂದು, ದಸರಾ ಮುಗಿದ ಮೇಲೆ ಅಕ್ಟೋಬರ್ 5ರಂದು ಹೊರಡುವ ಪ್ರವಾಸಕ್ಕೆ ನಾಲ್ವರ ಹೆಸರಿನಲ್ಲಿ ಮುಂಗಡ ಕಟ್ಟಿದೆವು. ತಲೆಗೆ 84,000 ರೂಪಾಯಿಯಂತೆ ಒಟ್ಟು 3,36,000 ರೂಪಾಯಿ. ಅದರ ಮೇಲೆ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಎಂದು 16,800 ರೂಪಾಯಿ. ಅರ್ಧ ಹಣವನ್ನು ಅಂದೇ, ಉಳಿದ ಅರ್ಧ ಮತ್ತು ಟಿಸಿಎಸ್ ಮೊತ್ತವನ್ನು ಸೆಪ್ಟೆಂಬರ್ 5ರಂದು ಪಾವತಿಸಿದ್ದೇನೆ. ರಸೀದಿಗಳ ಪ್ರತಿಗಳನ್ನು ಲಗತ್ತಿಸಿದೆ.

ನೀವು ಕೊಟ್ಟ ಕಾರ್ಯಕ್ರಮ ಪಟ್ಟಿಯ ಮೂರನೆಯ ದಿನ ಹೀಗಿದೆ: ಬೆಳಿಗ್ಗೆ 6ಕ್ಕೆ ಬ್ಯಾಂಕಾಕ್‌ನಿಂದ ವ್ಯಾನಿನಲ್ಲಿ ಹೊರಟು, ಸುಮಾರು 250 ಕಿಲೋಮೀಟರ್ ದೂರದ ಅರಣ್ಯಪ್ರಥೇಟ್ ಮುಟ್ಟಿ, ಅಲ್ಲಿ ಗಡಿಯನ್ನು ನಡೆದೇ ದಾಟಿ, ಕಾಂಬೋಡಿಯಾದ ಪೊಯ್‌ಪೆಟ್‌ನಿಂದ ಮತ್ತೆ 150 ಕಿಲೋಮೀಟರ್ ಸಾಗಿ ಸಂಜೆಗೆ ಅಂಕೋರ್ ದೇವಾಲಯಗಳ ಪಕ್ಕದ ಊರಾದ ಸಿಯೆಮ್ ರೀಪ್ ಸೇರುವುದು. ವಿಮಾನದಲ್ಲಿ ಹೋಗುವ ಕಾರ್ಯಕ್ರಮವೂ ನಿಮ್ಮಲ್ಲಿತ್ತು. ನಾವು ಇದನ್ನೇ ಆರಿಸಿಕೊಂಡಿದ್ದು ಖರ್ಚು ಕಡಿಮೆ ಎಂದು. ಜೊತೆಗೆ, ಒಂದು ದೇಶದಿಂದ ಇನ್ನೊಂದಕ್ಕೆ ಕಾಲ್ನಡಿಗೆಯಲ್ಲಿ ಹೋಗಬೇಕೆಂಬುದು ನಿವೃತ್ತ ಇತಿಹಾಸ ಅಧ್ಯಾಪಕರಾದ ನಮ್ಮ ಭಾವನವರ ಬಹುಕಾಲದ ಹುಚ್ಚು. ಅರಣ್ಯಪ್ರಥೇಟ್ ಎಂದರೆ ನಮ್ಮ ‘ಅರಣ್ಯಪ್ರದೇಶ’ವೇ ಎಂದು ಅವರು ನಿಮ್ಮ ಮೇಜಿನ ಮುಂದೆಯೇ ಖುಷಿಯಿಂದ ವಿವರಿಸಿದ್ದು ನಿಮ್ಮ ಸಿಬ್ಬಂದಿಗೆ ನೆನಪಿರಬಹುದು.

ಆ ಹೊತ್ತಿಗೆ ಆ ಗಡಿ ಮುಚ್ಚಿತ್ತು. ಮೇ 28ರಂದು ಎರಡೂ ಕಡೆಯ ಸೈನಿಕರ ನಡುವೆ ಗುಂಡಿನ ಚಕಮಕಿ ನಡೆದ ಮೇಲೆ ನಿರ್ಬಂಧಗಳು ಬಿಗಿಯಾಗುತ್ತ ಬಂದು, ಜೂನ್ 23ರಂದು ಥಾಯ್ಲೆಂಡ್ ಸರ್ಕಾರ ಕಾಂಬೋಡಿಯಾ ಗಡಿಯ ದಾಟುದಾರಿಗಳನ್ನು ಪ್ರವಾಸಿಗರಿಗೆ ಮುಚ್ಚುವುದಾಗಿ ಪ್ರಕಟಿಸಿತು. ನಾನು ಹಣ ಕಟ್ಟಿದ್ದು ಅದಾದ ಹನ್ನೊಂದನೆಯ ದಿನ. ನನ್ನಂಥ ಸಾಮಾನ್ಯ ಗ್ರಾಹಕನಿಗೆ ಇದು ತಿಳಿಯದೇ ಹೋಗಬಹುದು, ಹೋಯಿತು ಕೂಡ. ಆದರೆ ಆ ದಾರಿಯನ್ನೇ ಮಾರಿ ಜೀವನ ಮಾಡುವ ಸಂಸ್ಥೆಗೆ ತಿಳಿದಿರಲಿಲ್ಲ ಎಂದರೆ ನಂಬುವುದು ಕಷ್ಟ.

ಜುಲೈ 24ರಂದು ಯುದ್ಧವೇ ಶುರುವಾಗಿ ಟಿವಿಯಲ್ಲೆಲ್ಲ ಅದೇ ಸುದ್ದಿಯಾದಾಗ ಗಾಬರಿಯಾಗಿ ನಿಮ್ಮ ಶಾಖೆಗೆ ಫೋನ್ ಮಾಡಿದೆ. ಮಲೇಷ್ಯಾದಲ್ಲಿ ಮಾತುಕತೆ ನಡೆದು ಜುಲೈ 28ರಂದು ಕದನವಿರಾಮವಾದ ಎರಡು ದಿನಕ್ಕೆ ನಿಮ್ಮ ಸಿಬ್ಬಂದಿ ವಾಟ್ಸಾಪ್‌ನಲ್ಲಿ ಕಳುಹಿಸಿದ ಉತ್ತರವನ್ನು ಇದ್ದಂತೆಯೇ ಬರೆಯುತ್ತೇನೆ: “ಕದನವಿರಾಮ ಆಯ್ತಲ್ಲ ಸರ್, ಇನ್ನೇನು ಬಾರ್ಡರ್ ಓಪನ್ ಆಗುತ್ತೆ, ನಮ್ಮ ಗ್ರೂಪ್ ಕನ್ಫರ್ಮ್.” ಬಾಕಿ ಹಣ ಕಟ್ಟಿದ್ದು ಈ ಒಂದು ಸಾಲನ್ನು ನಂಬಿ. ಗಡಿ ಅಂದೂ ತೆರೆಯಲಿಲ್ಲ, ಈ ಪತ್ರ ಬರೆಯುವ ಹೊತ್ತಿಗೂ ತೆರೆದಿಲ್ಲ.

ಸೆಪ್ಟೆಂಬರ್ 27ರಂದು, ಅಂದರೆ ಹೊರಡಲು ಎಂಟು ದಿನವಿರುವಾಗ, ನಿಮ್ಮಿಂದಲೇ ಕರೆ ಬಂತು. ಗಡಿ ಮುಚ್ಚಿದೆ, ವಿಮಾನದಲ್ಲಿ ಹೋಗಬೇಕು, ತಲೆಗೆ ಇನ್ನೂ 21,000 ರೂಪಾಯಿ ಕಟ್ಟಿ ಎಂದರು. ವಿಮಾನ ಏರಲು ನಮ್ಮ ತಕರಾರಿರಲಿಲ್ಲ. ಆದರೆ ಬದಲಿ ಪಟ್ಟಿಯಲ್ಲಿ ಸಿಯೆಮ್ ರೀಪ್‌ನ ಮೂರು ರಾತ್ರಿಗಳು ಎರಡಾಗಿದ್ದವು. ಅಂಕೋರ್ ವಾಟ್‌ಗೆ ಉಳಿದದ್ದು ಮಧ್ಯಾಹ್ನದ ಎರಡು ಗಂಟೆ ಮಾತ್ರ. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮನು ವಿಷ್ಣುವಿಗಾಗಿ ಕಟ್ಟಿಸಿದ ಆ ದೇವಾಲಯದ ಪಡಸಾಲೆಗಳಲ್ಲಿ ಸಮುದ್ರಮಥನದ ಒಂದು ಉಬ್ಬುಶಿಲ್ಪವೇ ಸುಮಾರು 49 ಮೀಟರ್ ಉದ್ದವಿದೆ. ಕುರುಕ್ಷೇತ್ರ, ಲಂಕೆಯ ಯುದ್ಧಗಳು ಬೇರೆ. ಎರಡು ಗಂಟೆಯಲ್ಲಿ ಅದರ ಮುಂದೆ ಫೋಟೋ ತೆಗೆಸಿಕೊಳ್ಳಬಹುದು, ನೋಡಲಾಗದು. ಕಡಿಮೆ ದಿನಕ್ಕೆ 84,000 ರೂಪಾಯಿ ಹೆಚ್ಚು ಕೊಡಲು ಒಪ್ಪದೆ ಸೆಪ್ಟೆಂಬರ್ 29ರಂದು ಲಿಖಿತವಾಗಿ ರದ್ದು ಮಾಡಿದೆ.

ಅಕ್ಟೋಬರ್ 6ರ ನಿಮ್ಮ ಇಮೇಲ್‌ನಲ್ಲಿ ಇದು ಕೈಮೀರಿದ ಪರಿಸ್ಥಿತಿ, ಆದ್ದರಿಂದ ಷರತ್ತಿನ ಪ್ರಕಾರ ಶೇ 70 ಕಡಿತ ಮಾಡಿ 1,00,800 ರೂಪಾಯಿ ಮಾತ್ರ ಹಿಂತಿರುಗಿಸುತ್ತೇವೆ ಎಂದಿದ್ದೀರಿ. ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ. ಒಪ್ಪಂದವಾದ ಮೇಲೆ, ಯಾರೂ ಊಹಿಸದ ಹಾಗೆ ಬಂದೆರಗಿದ್ದನ್ನು ಕೈಮೀರಿದ್ದು ಎನ್ನಬಹುದು. ಒಪ್ಪಂದಕ್ಕೆ ಮೊದಲೇ ಬಿದ್ದಿದ್ದ ಬೀಗವನ್ನು ಹಾಗೆನ್ನಲಾಗದು. ಯುದ್ಧ ನಡೆಯದೇ ಇದ್ದಿದ್ದರೂ ಜುಲೈ 4ರಂದು ನೀವು ಮಾರಿದ ದಾರಿ ಇರಲಿಲ್ಲ.

ನಿಮ್ಮ ಇಮೇಲ್ ಬಂದ ಮೇಲೆ ಕಾರ್ಯಕ್ರಮ ಪಟ್ಟಿಯನ್ನು ಸಾಲು ಸಾಲಾಗಿ ಓದಿದೆ. ಅಂಕೋರ್‌ನ ಮೂರು ದಿನದ ಪ್ರವೇಶಪತ್ರಕ್ಕೆ 40 ಡಾಲರ್ ಎಂದು ಅಚ್ಚಾಗಿದೆ. ಆ ದರ 62 ಡಾಲರ್ ಆದದ್ದು 2017ರ ಫೆಬ್ರವರಿಯಲ್ಲಿ. ವಾಪಸಾತಿಗೆ ಸಿಯೆಮ್ ರೀಪ್ ವಿಮಾನ ನಿಲ್ದಾಣ ಹೋಟೆಲಿನಿಂದ ‘20 ನಿಮಿಷ’ ಎಂದಿದೆ; ಊರ ಪಕ್ಕದ ಹಳೆಯ ನಿಲ್ದಾಣದ ಬದಲು ದೂರದ ಹೊಸ ನಿಲ್ದಾಣ ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ. ಎಲ್ಲಕ್ಕಿಂತ ಸೋಜಿಗವೆಂದರೆ, ವೆಚ್ಚದ ವಿವರದಲ್ಲಿ ಥಾಯ್ಲೆಂಡ್‌ನ ವೀಸಾ ಆನ್ ಅರೈವಲ್ ಎಂದು ತಲೆಗೆ 5,500 ರೂಪಾಯಿಯಂತೆ 22,000 ರೂಪಾಯಿ ಹಾಕಿದ್ದೀರಿ. ಭಾರತೀಯ ಪ್ರವಾಸಿಗರಿಗೆ 2023ರ ನವೆಂಬರ್ 10ರಿಂದಲೇ ಅಲ್ಲಿಗೆ ವೀಸಾ ಬೇಕಿರಲಿಲ್ಲ. ಯಾವುದೋ ಕಾಲದ ಪಟ್ಟಿಗೆ ಹೊಸ ದಿನಾಂಕ ಒತ್ತಿ ಮಾರಿದ್ದೀರಿ ಎಂದಲ್ಲದೆ ಇದಕ್ಕೆ ಬೇರೆ ವಿವರಣೆ ನನಗೆ ಹೊಳೆಯುತ್ತಿಲ್ಲ. ಇವನ್ನು ಮುಂಚೆಯೇ ನಾನು ಪರಿಶೀಲಿಸಬೇಕಿತ್ತು ಎಂದು ನೀವು ಹೇಳಬಹುದು. ಎಲ್ಲವನ್ನೂ ನಾವೇ ಪರಿಶೀಲಿಸಿಕೊಳ್ಳುವುದಾದರೆ ನಿಮ್ಮ ಶಾಖೆಯ ಮೆಟ್ಟಿಲು ಏಕೆ ಹತ್ತುತ್ತಿದ್ದೆವು?

ಆದ್ದರಿಂದ ಕಡಿತವಿಲ್ಲದೆ 3,36,000 ರೂಪಾಯಿಯನ್ನು ಹಿಂತಿರುಗಿಸಬೇಕೆಂದು ಕೋರುತ್ತೇನೆ. ಬೆಂಗಳೂರು–ಬ್ಯಾಂಕಾಕ್ ವಿಮಾನದ ಟಿಕೆಟ್ ರದ್ದತಿಗೆ ವಿಮಾನ ಸಂಸ್ಥೆ ನಿಜವಾಗಿ ಹಿಡಿದುಕೊಂಡ ಮೊತ್ತವಿದ್ದರೆ, ಅದರ ದಾಖಲೆ ತೋರಿಸಿದಲ್ಲಿ ಅಷ್ಟನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚಿಲ್ಲ. ಟಿಸಿಎಸ್ ಮೊತ್ತವನ್ನು ನನ್ನ ಪ್ಯಾನ್ ಸಂಖ್ಯೆಗೆ ಜಮಾ ಮಾಡಿದ ಪುರಾವೆ ಕೊಡಿ, ಇಲ್ಲವೇ ಅದನ್ನೂ ಮರಳಿಸಿ.

ಗ್ರಾಹಕನಿಗೆ ತಿಳಿಸಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಸೇವಾ ನ್ಯೂನತೆಯೆಂದೇ ಪರಿಗಣಿಸುತ್ತದೆ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಮತ್ತು ಹಣ ಬರದಿದ್ದರೆ ಬೆಂಗಳೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ದಯವಿಟ್ಟು ಫೋನ್ ಮಾಡಬೇಡಿ; ಏನಿದ್ದರೂ ಬರಹದಲ್ಲಿರಲಿ.

ಇತಿ,
ನಾಲ್ವರು ಪ್ರವಾಸಿಗರ ಪರವಾಗಿ,
ಬಸವನಗುಡಿಯ ನಿಮ್ಮ ಗ್ರಾಹಕ

ಲಗತ್ತು: ರಸೀದಿಗಳು, ಮೂಲ ಮತ್ತು ಬದಲಿ ಕಾರ್ಯಕ್ರಮ ಪಟ್ಟಿಗಳು, ವಾಟ್ಸಾಪ್ ಸಂದೇಶದ ಮುದ್ರಿತ ಪ್ರತಿ, ರದ್ದತಿ ಪತ್ರ.