ನಂಜುಂಡನ ಊರಿನವರಿಗೆ, ನಮ್ಮನೆಯವರೆಲ್ಲರ ಕೈಮುಗಿದ ನಮಸ್ಕಾರ

ಈ ಸಲದ ದೊಡ್ಡ ಜಾತ್ರೆಯಲ್ಲಿ ನನ್ನ ತಮ್ಮ ತೇರಿನ ಹಗ್ಗ ಮುಟ್ಟಿದ. ಎಳೆಯಲಿಲ್ಲ. ಇನ್ನೂ ಭಾರ ಎಳೆಯಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಬರೀ ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಐದು ತಿಂಗಳ ಹಿಂದೆ ಇವನು ಉಳಿಯುತ್ತಾನೋ ಇಲ್ಲವೋ ಗೊತ್ತಿಲ್ಲದೆ ಆಸ್ಪತ್ರೆಯ ಬಾಗಿಲಲ್ಲಿ ಕೂತಿದ್ದವರು ನಾವು. ಒಬ್ಬೊಬ್ಬರ ಮನೆಗೂ ಹೋಗಿ ಕೈ ಮುಗಿಯೋಣ ಅಂದರೆ, ನಮಗೆ ಒದಗಿಬಂದವರಲ್ಲಿ ಎಷ್ಟೋ ಜನರ ಹೆಸರೇ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ. ತಮ್ಮ ಬಾಳೆ ಬೆಳೆಯುತ್ತಾನೆ. ಅದರಲ್ಲಿ ನಾಲ್ಕು ಸಾಲು ರಸಬಾಳೆ. ನಂಜನಗೂಡು ರಸಬಾಳೆ ಅಂದರೆ ಎಲ್ಲರಿಗೂ ಗೊತ್ತು, ಆದರೆ ಬೆಳೆಯುವವರು ಕಡಿಮೆ. ಪನಾಮ ಸೊರಗು ರೋಗ ಬಂದು ತೋಟಕ್ಕೆ ತೋಟವೇ ಹೋಗಿಬಿಡುತ್ತದೆ. ಅಪ್ಪ ಉಳಿಸಿಕೊಂಡು ಬಂದ ಕಂದು ಅಂತ ಇವನು ಹಟ ಹಿಡಿದು ಬೆಳೆಸುತ್ತಾನೆ. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗಲೇ ನೀರು ಕಟ್ಟಬೇಕು. ದೀಪಾವಳಿಗೆ ನಾಲ್ಕು ದಿನ ಇತ್ತು. ಟಾರ್ಚಿನ ಬ್ಯಾಟರಿ ಮುಗಿದಿತ್ತು, ಬರಿಗಾಲು. ಹಿಮ್ಮಡಿಗೆ ಕೊಳಕುಮಂಡಲದ ಹಾವು ಕಚ್ಚಿತು.

ಅವ್ವ ಮೊದಲು ಹೇಳಿದ್ದು 'ನಂಜುಂಡನ ತಾವು ಕರ್ಕೊಂಡು ಹೋಗಿ' ಅಂತ. ಅವಳ ತಪ್ಪಲ್ಲ. ನಂಜು ಉಂಡವನೇ ನಂಜುಂಡ. ಪರಶುರಾಮನ ಕೊಡಲಿ ಏಟಿಗೆ ಲಿಂಗದಿಂದ ರಕ್ತ ಸುರಿದಾಗ ಅಲ್ಲಿನ ಮಣ್ಣು ಮೆತ್ತಿ ವಾಸಿಯಾಯಿತು ಅನ್ನೋ ಕಥೆ ಕೇಳಿಕೊಂಡೇ ಬೆಳೆದವಳು ಅವಳು. ನಮ್ಮ ಮನೆಗೆ ಬಳಕೆಯಿರುವ ಅರ್ಚಕರೊಬ್ಬರಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ಅವರು ಹೇಳಿದ್ದು ಇಷ್ಟು: 'ಅವ್ವ, ಮೊದಲು ಆಸ್ಪತ್ರೆಗೆ ಹೋಗಿ. ಕಾಲಿಗೆ ಬಿಗಿಯಾಗಿ ಏನೂ ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಬೆಳಿಗ್ಗೆ ಅಭಿಷೇಕದಲ್ಲಿ ಅವನ ಹೆಸರು, ನಕ್ಷತ್ರ ನಾನು ಹೇಳ್ತೀನಿ.'

ಸ್ವಾಮಿ, ಅವತ್ತು ನೀವು 'ಕರ್ಕೊಂಡು ಬನ್ನಿ, ತೀರ್ಥ ಹಾಕೋಣ' ಅಂದಿದ್ದರೆ ಅವ್ವ ಬಂದೇ ಬಿಡುತ್ತಿದ್ದಳು. ನೀವು ಹಾಗೆ ಅನ್ನಲಿಲ್ಲ. ನಮ್ಮ ಮನೆಯ ಮೊದಲ ನಮಸ್ಕಾರ ನಿಮಗೇ.

ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ತಮ್ಮನ ರಕ್ತವನ್ನು ಒಂದು ಗಾಜಿನ ಕೊಳವೆಗೆ ತೆಗೆದು, ಅಲುಗಾಡಿಸದೆ ಕಿಟಕಿ ಕಟ್ಟೆಯ ಮೇಲೆ ಇಟ್ಟರು. 20 ನಿಮಿಷ ಕಾಯಬೇಕು ಅಂದರು. ಆಮೇಲೆ ನಮ್ಮ ಕಣ್ಣೆದುರೇ ಕೊಳವೆಯನ್ನು ನಿಧಾನಕ್ಕೆ ಬಗ್ಗಿಸಿದರು. ಹೆಪ್ಪುಗಟ್ಟಬೇಕಿದ್ದ ರಕ್ತ ನೀರಿನ ಹಾಗೆ ಹರಿಯಿತು. ಈ ಹಾವಿನ ವಿಷ ಮೊದಲು ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದಂತೆ, ಆಮೇಲೆ ಕಿಡ್ನಿಗೆ ಹೋಗುತ್ತದಂತೆ. ಅಲ್ಲೇ ಪ್ರತಿವಿಷದ ಡ್ರಿಪ್ ಶುರು ಮಾಡಿ, ಆಂಬುಲೆನ್ಸ್ ಹತ್ತಿಸಿ ಮೈಸೂರಿಗೆ ಕಳಿಸಿದರು. ಅಲ್ಲಿಗೆ ಸುಮಾರು 25 ಕಿಲೋಮೀಟರ್. ಆ ಡ್ರೈವರ್ ಅಣ್ಣ ದಾರಿಯುದ್ದಕ್ಕೂ ತಮ್ಮನ ಹೆಸರು ಹಿಡಿದು ಮಾತಾಡಿಸುತ್ತಲೇ ಇದ್ದರು.

ಇನ್ನೊಂದು ಗುಂಪಿನ ಜನರಿದ್ದಾರೆ, ಅವರು ಇದನ್ನು ಓದುವುದಿಲ್ಲ. ಆದರೂ ಹೇಳಬೇಕು. ನಮ್ಮ ದೇಶದಲ್ಲಿ ಪ್ರತಿವಿಷ ತಯಾರಿಸಲು ಬೇಕಾದ ವಿಷದಲ್ಲಿ ಹೆಚ್ಚಿನ ಪಾಲನ್ನು, 1978ರಲ್ಲಿ ಶುರುವಾದ ತಮಿಳುನಾಡಿನ ಇರುಳ ಬುಡಕಟ್ಟಿನವರ ಸಹಕಾರ ಸಂಘ ಕೊಡುತ್ತಾ ಬಂದಿದೆ. ಅವರು ಕೈಯಲ್ಲಿ ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೇ ಬಿಡುತ್ತಾರೆ. ಆ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗಳಿಗೆ ಕೊಟ್ಟು, ಅವುಗಳ ರಕ್ತದಿಂದ ಔಷಧಿ ಮಾಡುತ್ತಾರೆ. ವಾರ್ಡಿನ ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬರು ಇದನ್ನು ಹೇಳಿದ ದಿನ ಅಪ್ಪ ಆ ಹಾವು ಹಿಡಿಯುವವರ ಹೆಸರಲ್ಲೂ ಒಂದು ಅರ್ಚನೆ ಮಾಡಿಸಿದರು.

ಮೂರನೇ ದಿನ ತಮ್ಮನಿಗೆ ಮೂತ್ರ ನಿಂತಿತು. ಆಮೇಲೆ 11 ಸಲ ಡಯಾಲಿಸಿಸ್. 34 ದಿನ ಆಸ್ಪತ್ರೆ.

ಈ 34 ದಿನ ತಮ್ಮನನ್ನು ನೋಡಿಕೊಂಡವರು ಡಾಕ್ಟರು, ನರ್ಸುಗಳು. ಹಾಗಾದರೆ ನಮ್ಮನ್ನು? ಕಾಯಿಲೆ ಬಿದ್ದವನಿಗಾದರೂ ಒಂದು ಹಾಸಿಗೆ ಅಂತ ಇರುತ್ತದೆ. ಕಾಯುವವರಿಗೆ ಏನೂ ಇರುವುದಿಲ್ಲ. ನಮ್ಮನ್ನು ನೋಡಿಕೊಂಡಿದ್ದು ನಂಜುಂಡನ ಗುಡಿ, ಮತ್ತೆ ಆ ಗುಡಿಯ ಸುತ್ತ ಬದುಕುವ ಜನ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ, ಹಬ್ಬಕ್ಕೆ ಮಾತ್ರ ಊರಿಗೆ ಬರುವವಳು. ಗುಡಿ ಅಂದರೆ ಸಾಲಲ್ಲಿ ನಿಂತು, ದರ್ಶನ ಮಾಡಿ, ಪ್ರಸಾದ ತಗೊಂಡು ಬರೋ ಜಾಗ ಅಂದುಕೊಂಡಿದ್ದೆ. ಅದು ಬೇರೆ ಏನೇನು ಮಾಡುತ್ತದೆ ಅಂತ ನೋಡಿದ್ದು ಈಗಲೇ.

ಅಪ್ಪನಿಗೆ ಆಸ್ಪತ್ರೆಯಲ್ಲಿ ಕೂರಲು ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹಳ್ಳಿಯಿಂದ ಬಸ್ಸು ಹತ್ತಿ ಗುಡಿಗೆ ಬಂದುಬಿಡುತ್ತಿದ್ದರು. ನಮ್ಮ ಗುಡಿ ಎಷ್ಟು ದೊಡ್ಡದು ಅಂತ ಬಂದವರಿಗೆ ಗೊತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಏಳು ನೆಲೆಯ ಗೋಪುರವೇ 120 ಅಡಿ. ಒಳಗೆ 385 ಅಡಿ ಉದ್ದ, 160 ಅಡಿ ಅಗಲ. 147 ಕಂಬ ಅಂತ ಹಳೇ ಗೆಜೆಟಿಯರಿನಲ್ಲಿದೆ. ನಾನು ಒಮ್ಮೆ ಈ ಲೆಕ್ಕ ಹೇಳಿದ್ದೇ ತಡ, ಅಪ್ಪ ದಿನಾ ಕಂಬ ಎಣಿಸಲು ಶುರು ಮಾಡಿದರು. ನೂರರ ಹತ್ತಿರ ಬರುವಾಗ ಆಸ್ಪತ್ರೆಯ ನೆನಪಾಗಿ ಲೆಕ್ಕ ತಪ್ಪುತ್ತಿತ್ತಂತೆ. ಮತ್ತೆ ಮೊದಲಿಂದ.

ಕಂಬ ಬಿಟ್ಟರೆ ಅವರು ಕೂರುತ್ತಿದ್ದದ್ದು ಅರವತ್ತಮೂರು ಪುರಾತನ ಶಿವಭಕ್ತರ ಮೂರ್ತಿಗಳ ಸಾಲಿನ ಎದುರು. ಬೇಡ, ಕುಂಬಾರ, ಅಗಸ, ಬೆಸ್ತ, ರಾಜ ಎಲ್ಲರೂ ಒಂದೇ ಎತ್ತರಕ್ಕೆ ನಿಂತಿದ್ದಾರೆ ಅಲ್ಲಿ. ಅಪ್ಪನಿಗೆ ಬೇಡರ ಕಣ್ಣಪ್ಪ ಇಷ್ಟ. 'ಅವನು ಕಣ್ಣು ಕಿತ್ತು ಕೊಟ್ಟ, ನಾನು ಕಿಡ್ನಿ ಕೊಡ್ತೀನಿ ಅಂತ ಹೇಳಿದೀನಿ ನಂಜುಂಡನಿಗೆ' ಅಂತ ಒಂದು ದಿನ ಫೋನಿನಲ್ಲಿ ಮೆಲ್ಲಗೆ ಹೇಳಿದರು. ನನಗೆ ಮಾತೇ ಹೊರಡಲಿಲ್ಲ.

ಮಧ್ಯಾಹ್ನದ ಊಟ ದಾಸೋಹದಲ್ಲಿ. ಅನ್ನ, ಸಾರು, ಮಜ್ಜಿಗೆ. ದುಡ್ಡು ಕೇಳಲಿಲ್ಲ, ಯಾರು ಏನು ಅಂತಲೂ ಕೇಳಲಿಲ್ಲ. ಒಂದು ವಾರ ಆದ ಮೇಲೆ ಬಡಿಸುವ ಹುಡುಗನೇ 'ಯಾಕೆ ತಾತ, ಇವತ್ತು ಎರಡನೇ ಸಲ ಅನ್ನ ಹಾಕಿಸ್ಕೊಳ್ಳಲಿಲ್ಲ?' ಅಂದನಂತೆ. ಅಪ್ಪನಿಗೆ ಜ್ವರ ಬಂದು ಎರಡು ದಿನ ಗುಡಿಗೆ ಬರದಿದ್ದಾಗ, ಅವನು ಹೊರಗೆ ಹೂವು ಮಾರುವ ಅಕ್ಕನನ್ನು ಕೇಳಿದ್ದಾನೆ. ಆ ಅಕ್ಕ ನನಗೆ ಫೋನ್ ಮಾಡಿದರು. ಮನೆಯಲ್ಲಿ ಒಬ್ಬರೇ ಮಲಗಿದ್ದ ಅಪ್ಪನಿಗೆ ಜ್ವರ ಅಂತ ನನಗೆ ಗೊತ್ತಾಗಿದ್ದೇ ಹೀಗೆ. ನೆಂಟರಿಗೂ ಗೊತ್ತಿರಲಿಲ್ಲ.

ಹೂವಿನ ಅಕ್ಕ, ನಿಮಗೆ ಏನು ಹೇಳಲಿ? ಅವ್ವನ ಕೈಗೆ 5,000 ರೂಪಾಯಿ ಇಟ್ಟು 'ವಾಪಸ್ ಕೊಡೋ ಮಾತು ಆಮೇಲೆ, ಈಗ ಅಳಬ್ಯಾಡ ಕಣವ್ವ' ಅಂದಿರಿ. ಅವತ್ತು ಅಮಾವಾಸ್ಯೆ, ನಿಮಗೆ ಜಾಸ್ತಿ ವ್ಯಾಪಾರದ ದಿನ. ಬುಟ್ಟಿ ಪಕ್ಕದವರಿಗೆ ಒಪ್ಪಿಸಿ ನಮ್ಮವ್ವನ ಜೊತೆ ರೈಲ್ವೆ ಸ್ಟೇಷನ್ನಿನವರೆಗೂ ಬಂದಿರಿ. ರಕ್ತ ಬೇಕು ಅಂದಾಗ ಗುಡಿ ಮುಂದಿನ ಆಟೋ ಸ್ಟ್ಯಾಂಡಿನ ಆರು ಹುಡುಗರನ್ನು ಹೊರಡಿಸಿದ್ದೂ ನೀವೇ. ಆ ಆರು ಜನರಲ್ಲಿ ಒಬ್ಬನಿಗೂ ನನ್ನ ತಮ್ಮನ ಮುಖ ಪರಿಚಯ ಇರಲಿಲ್ಲ.

ಅವ್ವ ದಿನ ಬಿಟ್ಟು ದಿನ ರೈಲಿನಲ್ಲಿ ಮೈಸೂರಿಗೆ ಬರುತ್ತಿದ್ದಳು. ಕಪಿಲೆ ದಾಟುವಾಗ ನದಿಗೆ ಕೈ ಮುಗಿದು, ಚಾಮುಂಡಿ ಬೆಟ್ಟ ಕಂಡ ಕೂಡಲೇ ಎದ್ದು ನಿಲ್ಲುತ್ತಿದ್ದಳಂತೆ. ನಮ್ಮ ಕಡೆಯ ಜನಪದ ಹಾಡುಗಳಲ್ಲಿ ಬೆಟ್ಟದ ಚಾಮುಂಡಿಗೂ ನಂಜುಂಡನಿಗೂ ಪ್ರೀತಿ. 'ನಿನ್ನ ಮಾತು ಮೀರಲ್ಲ ಅವನು, ಒಂದು ಮಾತು ಹೇಳು ತಾಯಿ' ಅಂತ ಬೇಡಿಕೊಳ್ಳುತ್ತಿದ್ದಳು. ಸೆರಗಿನ ತುದಿಯಲ್ಲಿ ಸುಗಂಧಿತ ಸಕ್ಕರೆಯ ಪೊಟ್ಟಣ. ಶುಂಠಿ, ಸಕ್ಕರೆ, ಬೆಣ್ಣೆ ಕಲಸಿ ನಂಜುಂಡನಿಗೆ ಇಡುವ ನೈವೇದ್ಯ ಅದು. ವಿಷ ಕುಡಿದವನಿಗೆ ಔಷಧಿ. ತಮ್ಮ ತಿನ್ನುವ ಹಾಗಿರಲಿಲ್ಲ. ನರ್ಸ್ ಬೈಯಲಿಲ್ಲ, 'ದಿಂಬಿನ ಕೆಳಗೆ ಇಡಿ ಅಮ್ಮ, ಇರಲಿ' ಅಂದರು. ಡಿಸ್ಚಾರ್ಜ್ ದಿನ ದಿಂಬು ಎತ್ತಿದರೆ ಹದಿನೈದು ಹದಿನಾರು ಪೊಟ್ಟಣ ಇದ್ದವು. ಇರುವೆ ಬರದ ಹಾಗೆ ಒಂದೊಂದನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರು ಆ ನರ್ಸ್.

ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ ಅವ್ವನಿಗೆ ಒಬ್ಬ ಗೆಳತಿ ಸಿಕ್ಕರು. ನಂಜನಗೂಡಿನವರೇ, ಸಾಬರ ಮನೆಯವರು. ಅವರ ಯಜಮಾನರಿಗೂ ಡಯಾಲಿಸಿಸ್. ತಮ್ಮನ ಜ್ವರ ಇಳಿಯದೆ ಅವ್ವ ಕುಸಿದು ಕೂತ ದಿನ ಅವರು ಕೈ ಹಿಡಿದು ಹೇಳಿದರು: 'ನಮ್ಮ ಟಿಪ್ಪು ಸುಲ್ತಾನರ ಆನೆಗೇ ಕಣ್ಣು ಕೊಟ್ಟವರು ಹಕೀಮ್ ನಂಜುಂಡ. ನಿಮ್ಮ ಮಗನ್ನ ಬಿಟ್ಟುಬಿಡ್ತಾರಾ?' ಆನೆಗೆ ಕಣ್ಣು ಬಂತು ಅಂತ ಸುಲ್ತಾನ ಪಚ್ಚೆ ಲಿಂಗ ಮಾಡಿಸಿಕೊಟ್ಟ, ನಂಜುಂಡನನ್ನು ಹಕೀಮ ಅಂತ ಕರೆದ ಅನ್ನೋ ಕಥೆ ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಇದೆ. ನಾನೂ ಸಾವಿರ ಸಲ ಕೇಳಿದ್ದೆ. ಅದು ಯಾತಕ್ಕೆ ಇನ್ನೂ ಉಳಿದಿದೆ ಅಂತ ಆ ಬೆಂಚಿನ ಹತ್ತಿರ ನಿಂತಾಗ ಗೊತ್ತಾಯಿತು. ಆ ಅಮ್ಮನ ಯಜಮಾನರು ಈಗ ಹುಷಾರಾಗಿದ್ದಾರೆ. ಅವ್ವ ಅವರ ಹೆಸರಿನಲ್ಲೂ ಹರಕೆ ಹೊತ್ತಿದ್ದಳು.

ಹರಕೆ ತೀರಿಸಿದ್ದು ಸಂಕ್ರಾಂತಿ ಕಳೆದ ಮೇಲೆ, ಒಂದು ಸೋಮವಾರ. ತಮ್ಮ ಮುಡಿ ಕೊಟ್ಟ. ಚಿಕ್ಕಪ್ಪನ ಮಗ ಅವನ ಪರವಾಗಿ ಉರುಳುಸೇವೆ ಮಾಡಿದ. ಅವ್ವ ಕಪಿಲೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಹೆಜ್ಜೆ ನಮಸ್ಕಾರಕ್ಕೆ ಹೊರಟಳು. 62 ವರ್ಷ, ಮಂಡಿ ನೋವು. ಒಂದು ಸುತ್ತು ಸಾಕು ಅಂದರೂ ಕೇಳಲಿಲ್ಲ. ಎರಡನೇ ಸುತ್ತಿನಲ್ಲಿ ಏಳಲು ಆಗದೆ ಹಾಗೇ ಇದ್ದಾಗ, ಯಾರೋ ಗೊತ್ತಿಲ್ಲದ ಹೆಂಗಸು ಸಾಲು ಬಿಟ್ಟು ಬಂದು ತೋಳು ಹಿಡಿದು ಎಬ್ಬಿಸಿದರು. ಮುಂದಿನ ಹೆಜ್ಜೆಗೂ ಎಬ್ಬಿಸಿದರು. ಸುತ್ತು ಪೂರ್ತಿ ಮುಗಿಯುವವರೆಗೂ ಜೊತೆಗೇ ಇದ್ದರು. ಅವ್ವನ ಒದ್ದೆ ಸೀರೆಯಿಂದ ಅವರ ರೇಷ್ಮೆ ಸೀರೆಯೂ ಒದ್ದೆಯಾಯಿತು. ನಾನು ಓಡಿಹೋಗಿ ಹೆಸರು ಕೇಳುವಷ್ಟರಲ್ಲಿ ಜನರ ಮಧ್ಯೆ ಸೇರಿಹೋಗಿದ್ದರು. ಅಮ್ಮಾ, ಇದನ್ನು ಓದಿದರೆ ದಯವಿಟ್ಟು ಒಮ್ಮೆ ನಮ್ಮನೆಗೆ ಬನ್ನಿ. ಹೂವಿನ ಅಕ್ಕನ ಹತ್ತಿರ ಕೇಳಿದರೆ ದಾರಿ ಹೇಳುತ್ತಾರೆ.

ನಮ್ಮ ಹಳ್ಳಿಯವರ ಬಗ್ಗೆ ಹೇಳದೇ ಹೋದರೆ ತಪ್ಪಾಗುತ್ತದೆ. ತಮ್ಮ ಆಸ್ಪತ್ರೆಯಲ್ಲಿದ್ದಷ್ಟೂ ದಿನ ಸರದಿ ಹಾಕಿಕೊಂಡು ರಾತ್ರಿ ಹೊತ್ತು ನಮ್ಮ ತೋಟಕ್ಕೆ ನೀರು ಕಟ್ಟಿದಿರಿ. ನಾಲ್ಕು ಸಾಲು ರಸಬಾಳೆ ಹಾಗೇ ಉಳಿದಿದೆ. ಈಗ ಬಾಗಿಲ ಹಿಂದೆ ಎರಡು ಜೊತೆ ಗಂಬೂಟು, ಎರಡು ಟಾರ್ಚು ನೇತುಹಾಕಿದ್ದೇವೆ, ಯಾರು ಬೇಕಾದರೂ ತಗೊಂಡು ಹೋಗಬಹುದು. ಹಾವು ಕಚ್ಚಿದರೆ ಮಾತ್ರ ಎಲ್ಲೂ ನಿಲ್ಲಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ. ಹರಕೆ ಗಾಡಿಯಲ್ಲಿ ಕೂತೇ ಹೊತ್ತುಕೊಳ್ಳಬಹುದು.

ಮೊದಲ ಗೊನೆ ಮಾಗಿದ್ದು ಸರಿಯಾಗಿ ಜಾತ್ರೆ ಹೊತ್ತಿಗೆ. ಬೆಳಗಿನ ಜಾವ ಅದನ್ನು ಗುಡಿಗೆ ಒಪ್ಪಿಸಿ, ಒಂದು ಚಿಪ್ಪು ಮಾತ್ರ ಉಳಿಸಿಕೊಂಡು ತೇರಿನ ಬೀದಿಯಲ್ಲಿ ನಿಂತೆವು. ಐದು ತೇರು. ಗಣಪತಿಯದು ಮುಂದೆ. ಆಮೇಲೆ ನಂಜುಂಡನ ದೊಡ್ಡ ತೇರು. ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ತೇರುಗಳು ಇನ್ನೂ ಹೊರಡಬೇಕಿತ್ತು. ತಮ್ಮ ಹಗ್ಗದ ಹತ್ತಿರ ಹೋಗಲು ನೋಡಿದ. ನೂಕುನುಗ್ಗಲು. ಆಟೋ ಸ್ಟ್ಯಾಂಡಿನ ಹುಡುಗರು ಕಂಡು, ಸುತ್ತ ಕೈ ಕೈ ಹಿಡಿದು ಜಾಗ ಮಾಡಿಕೊಟ್ಟರು. ಹಗ್ಗ ಮುಟ್ಟಿ ಬಂದ.

ಆಮೇಲೆ ರಸಬಾಳೆ ಹಣ್ಣಿಗೆ ಜವನ ಸಿಕ್ಕಿಸಿ ಕಳಶದ ಕಡೆ ಎಸೆದ. ತೋಳಿನಲ್ಲಿ ಇನ್ನೂ ಮೊದಲಿನ ಕಸುವು ಬಂದಿಲ್ಲ. ಹಣ್ಣು ಅರ್ಧಕ್ಕೇ ಬಂದು ಕೆಳಗೆ ಬಿತ್ತು. ಅವನ ಮುಖ ಸಪ್ಪೆಯಾಯಿತು. ಪಕ್ಕದಲ್ಲಿ ತನ್ನ ಅಪ್ಪನ ಹೆಗಲ ಮೇಲೆ ಕೂತಿದ್ದ ಏಳೆಂಟು ವರ್ಷದ ಹುಡುಗ ಒಬ್ಬ ಇಳಿದು ಓಡಿದ. ಹಣ್ಣು ಹೆಕ್ಕಿ, ಮಣ್ಣು ಒರೆಸಿ, ಬಿಚ್ಚಿಹೋಗಿದ್ದ ಜವನ ಮತ್ತೆ ಸಿಕ್ಕಿಸಿ ತಂದು ತಮ್ಮನ ಕೈಗೇ ಕೊಟ್ಟ. 'ಹತ್ತಿರ ಬಂದು ಎಸೀರಿ ಮಾವ' ಅಂದ. ಇಬ್ಬರೂ ಜೊತೆಯಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋದರು. ಈ ಸಲ ಹಣ್ಣು ತೇರಿನ ಬಾವುಟಗಳ ನಡುವೆ ಹೋಗಿ ಅಲ್ಲೇ ನಿಂತಿತು.

ಆ ಹುಡುಗ ಯಾವ ಊರಿನವನೋ ಗೊತ್ತಿಲ್ಲ. ಅವನಿಗೂ ನಮ್ಮನೆಯವರೆಲ್ಲರ ನಮಸ್ಕಾರ.